ಒಂದು ಗಸಗಸೆ ಕಾಳಿಗೆ ಒಂದು ಊರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ತಂಗಿಯ ಮಗ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಮಾಮ, ಇದೇನು ಹೇಳು" ಅಂದ. ಪರದೆಯ ತುಂಬ ಕಂದುಬಣ್ಣದ ಬಯಲು. ಅದರಲ್ಲಿ ಗುಂಡಗಿನ ಕುಳಿಗಳು, ಕೆಲವು ದೊಡ್ಡವು, ಕೆಲವು ಸಾಸಿವೆ ಕಾಳಿನಷ್ಟು. ಕುಳಿಯ ಅಂಚು ಹೊಂಬಣ್ಣ, ಒಳಗೆ ಮಾಸಲು ಬಿಳಿ. ಒಂದು ಕಡೆ ಎರಡು ಕುಳಿಗಳ ನಡುವಿನ ಗೋಡೆ ಕುಸಿದು ಎರಡೂ ಒಂದಾಗಿದ್ದವು. ನಾನು ಹಿಂದುಮುಂದು ನೋಡದೆ "ಚಂದ್ರ" ಅಂದೆ.

"ಚಂದ್ರ ಕಂದುಬಣ್ಣ ಇರುತ್ತಾ?"

"ಹಾಗಾದರೆ ಮಂಗಳ."

ಅಲ್ಲವಂತೆ. ಗೆದ್ದಲು ತಿಂದ ಹಲಗೆ? ಅಲ್ಲ. ತುಕ್ಕು ಹಿಡಿದ ತಗಡು? ಅದೂ ಅಲ್ಲ. ಅವನು ಎರಡು ಬೆರಳಿನಿಂದ ಚಿತ್ರವನ್ನು ಕುಗ್ಗಿಸಿದ. ಸ್ಟೀಲ್ ತಟ್ಟೆಯ ಅಂಚು ಕಂಡಿತು, ಪಕ್ಕದಲ್ಲಿ ಚಟ್ನಿ ಕಂಡಿತು. ಅರ್ಧ ಗಂಟೆ ಹಿಂದೆ ಅದೇ ಕಾವಲಿಯಿಂದ ಎದ್ದ ಮೂರು ದೋಸೆ ತಿಂದು ಕೈ ತೊಳೆದುಕೊಂಡವನು ನಾನು.

ಆಟ ಇಷ್ಟೇ. ಮನೆಯಲ್ಲಿರುವ ಯಾವುದೋ ಒಂದು ವಸ್ತುವಿನ ತೀರಾ ಹತ್ತಿರ ಹೋಗಿ, ಅದರ ಉಗುರಿನಷ್ಟು ಜಾಗವನ್ನು ಇಡೀ ಚೌಕಟ್ಟು ತುಂಬುವಂತೆ ತೆಗೆಯಬೇಕು. ಉಳಿದವರು ಅದೇನೆಂದು ಹೇಳಬೇಕು. ಮಕ್ಕಳ ಪತ್ರಿಕೆಗಳ ಒಳಪುಟದಲ್ಲಿ, ಕ್ವಿಜ್ ಪುಸ್ತಕಗಳಲ್ಲಿ ಇಂಥ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಈಗಿನ ಎಷ್ಟೋ ಫೋನುಗಳಲ್ಲಿ ಮ್ಯಾಕ್ರೊ ಸೌಲಭ್ಯ ಬಂದಿರುವುದರಿಂದ ಹತ್ತು ವರ್ಷದ ಹುಡುಗನೂ ಸವಾಲು ಹಾಕಬಲ್ಲ. ಸೋಲುವುದು ಹೆಚ್ಚಾಗಿ ದೊಡ್ಡವರೇ. ಆ ಭಾನುವಾರ ಮಧ್ಯಾಹ್ನದೊಳಗೆ ನಾನು ಒಂಬತ್ತು ಚಿತ್ರಗಳಲ್ಲಿ ಏಳಕ್ಕೆ ಸೋತಿದ್ದೆ. ದಿನಾ ಕೈಯಲ್ಲಿ ಹಿಡಿಯುವ ವಸ್ತುಗಳು ಕೈಗೆ ಸಿಗದೆ ಹೋಗುವುದು ಯಾಕೆ ಎಂಬ ಕಿರಿಕಿರಿ ಹತ್ತಿದ್ದು ಆಗಲೇ.

ಯೋಚಿಸಿದರೆ, ದೋಸೆ ಅಂತ ಗುರುತು ಹಿಡಿಯುವುದಕ್ಕೆ ನಾವು ದೋಸೆಯ ಮೈಯನ್ನು ನೋಡುವುದೇ ಇಲ್ಲ. ಅದರ ಆಕಾರ, ಮಡಿಕೆ, ಅದು ಕೂತಿರುವ ತಟ್ಟೆ, ಪಕ್ಕದ ಚಟ್ನಿ, ಬೆಳಗಿನ ಹೊತ್ತು, ಕಾದ ಎಣ್ಣೆಯ ವಾಸನೆ, ಇಷ್ಟರಲ್ಲೇ ಕೆಲಸ ಮುಗಿದಿರುತ್ತದೆ. ಅಂಗಡಿಯವನು ಗುರುತಿನ ಗಿರಾಕಿಯ ಮುಖ ನೋಡದೆ ಸಾಮಾನು ಕಟ್ಟಿಕೊಟ್ಟ ಹಾಗೆ. ಹತ್ತಿರದ ಚಿತ್ರ ಈ ಸಾಕ್ಷಿಗಳನ್ನೆಲ್ಲ ಆಚೆಗೆ ಕಳಿಸುತ್ತದೆ. ಹೊರಗೆರೆ ಇಲ್ಲ, ಅಕ್ಕಪಕ್ಕದವರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅಳತೆ ಇಲ್ಲ. ಕುಳಿಯ ಅಗಲ ಎರಡು ಮಿಲಿಮೀಟರೋ ಇನ್ನೂರು ಕಿಲೋಮೀಟರೋ ಎಂದು ಹೇಳುವ ಯಾವ ಗುರುತೂ ಚೌಕಟ್ಟಿನೊಳಗಿಲ್ಲ. ಉತ್ಖನನ ಮಾಡುವವರು ಮಡಕೆ ಚೂರಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವುದು ಇದೇ ಕಾರಣಕ್ಕೆ. ದೋಸೆಯ ಮೇಲೆ ಒಂದು ಜೀರಿಗೆ ಕಾಳು ಬಿದ್ದಿದ್ದರೂ ಸಾಕಿತ್ತು, ನಾನು ಮಂಗಳ ಗ್ರಹಕ್ಕೆ ಹೋಗುತ್ತಿರಲಿಲ್ಲ.

ತಮಾಷೆಯೆಂದರೆ ಚಿತ್ರ ಏನನ್ನೂ ಮುಚ್ಚಿಟ್ಟಿಲ್ಲ. ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತಿದೆ. ದೊಡ್ಡದು ಮಾಡಿ ತೋರಿಸುವ ಗಾಜಿಗೆ ನಮ್ಮವರು ಭೂತಗನ್ನಡಿ ಅಂತ ಹೆಸರಿಟ್ಟಿದ್ದಾರೆ. ಚಿಕ್ಕವನಿದ್ದಾಗ ಅದರೊಳಗೆ ಭೂತ ಕಾಣುತ್ತದೆ ಅಂದುಕೊಂಡಿದ್ದೆ. ಈಗಲೂ ಆ ಹೆಸರನ್ನು ಪೂರ್ತಿ ತಪ್ಪು ಅನ್ನಲಾರೆ. ಹಾಗೆಯೇ 'ಮಸೂರ' ಎಂಬ ಮಾತು. ಮಸೂರ ಎಂದರೆ ಚನ್ನಂಗಿ ಬೇಳೆಯ ಕಾಳು. ನಡುವೆ ಉಬ್ಬಿ ಅಂಚಿಗೆ ತೆಳುವಾಗುವ ಅದರ ಆಕಾರದಿಂದ ಗಾಜಿಗೆ ಹೆಸರು ಬಂತು. ಇಂಗ್ಲಿಷಿನ 'ಲೆನ್ಸ್' ಕೂಡ ಲ್ಯಾಟಿನ್ನಿನಲ್ಲಿ ಅದೇ ಬೇಳೆಯ ಹೆಸರು. ಕಣ್ಣಿಗೆ ಕಾಣದ್ದನ್ನು ತೋರಿಸುವ ಉಪಕರಣಕ್ಕೆ ಅಡುಗೆಮನೆಯ ಡಬ್ಬಿಯಿಂದಲೇ ಹೆಸರು ತರಬೇಕಾಯಿತು.

ದೋಸೆಯ ಚಿತ್ರದಲ್ಲಿ ಇನ್ನೊಂದು ಕೌತುಕ ಕಾದಿತ್ತು. ಹುಡುಗ ಫೋನನ್ನು ತಲೆಕೆಳಗು ಮಾಡಿದ. ಪರದೆ ತನ್ನಷ್ಟಕ್ಕೆ ತಿರುಗದಂತೆ ಮೊದಲೇ ಲಾಕ್ ಮಾಡಿಟ್ಟಿದ್ದ, ಬುದ್ಧಿವಂತ. ನೋಡನೋಡುತ್ತ ಕುಳಿಗಳೆಲ್ಲ ಗುಳ್ಳೆಗಳಾಗಿ ಎದ್ದು ನಿಂತವು. ತೂತು ದೋಸೆ ಹೋಗಿ ಬೊಬ್ಬೆ ಎದ್ದ ಚರ್ಮದಂಥದ್ದು ಬಂತು. ಚಿತ್ರ ಅದೇ, ಚುಕ್ಕೆಯೂ ಬದಲಾಗಿಲ್ಲ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ಒಮ್ಮೆ ನಂಬಿಬಿಟ್ಟಿದೆ. ಸೂರ್ಯ ಇರುವುದು ಮೇಲೆ, ದೀಪ ತೂಗುಹಾಕುವುದು ಮೇಲೆ. ಆದ್ದರಿಂದ ಒಂದು ವೃತ್ತದ ಮೇಲ್ಭಾಗ ಕಪ್ಪಾಗಿ ಕೆಳಭಾಗ ಬೆಳ್ಳಗಿದ್ದರೆ ಅದು ಕುಳಿ. ಮೇಲ್ಭಾಗ ಬೆಳ್ಳಗಿದ್ದರೆ ಉಬ್ಬು. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೀ ಛಾಯೆ ಬಳಿದ ವೃತ್ತಗಳನ್ನು ಇಟ್ಟುಕೊಂಡು ಈ ನಂಬಿಕೆ ಎಷ್ಟು ಗಟ್ಟಿ ಎಂಬುದನ್ನು ತೋರಿಸಿದರು. ಇಡೀ ದೃಶ್ಯಕ್ಕೆ ಬೆಳಕಿನ ಮೂಲ ಒಂದೇ ಎಂದೂ ಮಿದುಳು ಎಣಿಸಿಕೊಳ್ಳುತ್ತದಂತೆ. ಚಂದ್ರನ ಕುಳಿಗಳ ಫೋಟೊವನ್ನು ತಿರುಗಿಸಿದರೆ ಅವು ದಿಬ್ಬಗಳಾಗುವುದೂ ಹೀಗೆಯೇ. ಆ ಮಟ್ಟಿಗೆ ನಾನು ದೋಸೆಯನ್ನು ಚಂದ್ರ ಅಂದದ್ದು ಅಷ್ಟೇನೂ ದಡ್ಡತನವಲ್ಲ ಅಂತ ವಾದಿಸಿದೆ. ಅಂಕ ಸಿಗಲಿಲ್ಲ.

ಮ್ಯಾಕ್ರೊ ಎಂಬ ಮಾತಿಗೆ ಕ್ಯಾಮೆರಾದವರಲ್ಲಿ ಒಂದು ಖಚಿತ ಅರ್ಥವಿದೆ. ವಸ್ತು ಎಷ್ಟು ದೊಡ್ಡದೋ ಕ್ಯಾಮೆರಾದೊಳಗಿನ ಸೆನ್ಸರ್ ಮೇಲೆ ಅದರ ಬಿಂಬವೂ ಅಷ್ಟೇ ದೊಡ್ಡದಾಗಿ ಬಿದ್ದರೆ ಅದು ಒಂದಕ್ಕೆ ಒಂದು, ಅಸಲಿ ಮ್ಯಾಕ್ರೊ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಅಂದರೆ ಅಂಥ ಚಿತ್ರದಲ್ಲಿ ಹಿಡಿಸುವುದು ಒಂದು ಅಂಚೆಚೀಟಿಯಷ್ಟು ಜಗತ್ತು. ಅದನ್ನು ಕಂಪ್ಯೂಟರ್ ಪರದೆಯ ಅಗಲಕ್ಕೆ ಹಿಗ್ಗಿಸಿ ನೋಡಿದಾಗ ನಮಗೆ ದಿಕ್ಕು ತಪ್ಪುತ್ತದೆ. ಮ್ಯಾಕ್ರೊ ಅಂದರೆ ಗ್ರೀಕಿನಲ್ಲಿ ದೊಡ್ಡದು, ಮೈಕ್ರೊ ಅಂದರೆ ಚಿಕ್ಕದು. ನಿಕಾನ್ ಕಂಪನಿ ಮಾತ್ರ ತನ್ನ ಇಂಥ ಲೆನ್ಸುಗಳನ್ನು ಹಟ ಹಿಡಿದು 'ಮೈಕ್ರೊ' ಎಂದೇ ಕರೆಯುತ್ತದೆ. 1956ರಲ್ಲಿ ಅದರ ಮೊದಲ ಮೈಕ್ರೊ ಲೆನ್ಸ್ ಬಂದದ್ದು ಹೂವು, ಹುಳುಗಳಿಗಾಗಿ ಅಲ್ಲ; ಜಪಾನಿನ ದಾಖಲೆಗಳನ್ನು ಮೈಕ್ರೊಫಿಲ್ಮಿಗೆ ಇಳಿಸುವುದಕ್ಕೆ. ಒತ್ತೊತ್ತಾಗಿ ಗೀಟುಗಳಿರುವ ಕಾಂಜಿ ಅಕ್ಷರಗಳು ಸಾಧಾರಣ ಲೆನ್ಸಿನಲ್ಲಿ ಕಲಸಿಹೋಗುತ್ತಿದ್ದವು.

ಹತ್ತಿರ ಹೋದಷ್ಟೂ ಇನ್ನೊಂದು ತೊಡಕು. ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತ ಹೋಗುತ್ತದೆ. ಒಂದಕ್ಕೆ ಒಂದರ ಅಳತೆಯಲ್ಲಿ, ಬೆಳಕು ಒಳಬರುವ ದ್ವಾರವನ್ನು ಎಫ್ 8ಕ್ಕೆ ಕಿರಿದು ಮಾಡಿಕೊಂಡರೂ ಸ್ಪಷ್ಟವಾಗಿ ಸಿಗುವುದು ಸುಮಾರು ಒಂದು ಮಿಲಿಮೀಟರ್ ಆಳ ಮಾತ್ರ. ಕಡಲೆಕಾಳಿನ ಮೂಗು ಸ್ಪಷ್ಟವಾದರೆ ಬೆನ್ನು ಮಂಜು. ನುರಿತವರು ಫೋಕಸ್ಸನ್ನು ಕೂದಲೆಳೆಯಷ್ಟು ಜರುಗಿಸುತ್ತ ಹತ್ತಾರು, ಕೆಲವೊಮ್ಮೆ ನೂರಾರು ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಕಂಪ್ಯೂಟರಿನಲ್ಲಿ ಸೇರಿಸಿ ಒಂದೇ ಚಿತ್ರ ಮಾಡುತ್ತಾರೆ. ಆಟಕ್ಕೆ ಅದೆಲ್ಲ ಬೇಡ. ಮ್ಯಾಕ್ರೊ ಇಲ್ಲದ ಹಳೇ ಫೋನಾದರೆ ಕ್ಯಾಮೆರಾದ ಗಾಜಿನ ಮೇಲೆ ಕಡ್ಡಿಯ ತುದಿಯಿಂದ ಒಂದೇ ಒಂದು ಹನಿ ನೀರು ಇಟ್ಟರೆ ಅದೇ ಉಬ್ಬು ಮಸೂರವಾಗುತ್ತದೆ. ನಾನು ಮಾಡಿ ನೋಡಿದೆ. ಬೇವಿನೆಲೆಯ ನರಗಳು ಊರಿನ ಗಲ್ಲಿಗಳ ಹಾಗೆ ಕಂಡವು. ಎರಡನೇ ಹನಿ ಸ್ವಲ್ಪ ದಪ್ಪವಾಗಿ ಜಾರಿ ಎಲ್ಲಿಗೋ ಇಳಿಯಿತು. ಅಂದಿನಿಂದ ಆ ಫೋನಿನಲ್ಲಿ ಮಾತಾಡುವವರೆಲ್ಲ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತಿದೆ. ಹನಿ ಸಣ್ಣದಿರಲಿ.

ಈಗ ಗಸಗಸೆಯ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಆ ದಿನದ ದೊಡ್ಡ ಸೋಲು ಅದೇ.

ಹುಡುಗ ಚಿತ್ರವನ್ನು ಮೊದಲು ಆದಷ್ಟು ಹಿಗ್ಗಿಸಿ, ಮಸುಕು ಮಸುಕಾಗಿ ತೋರಿಸಿದ. ಬೂದುಬಿಳಿ ಬಣ್ಣ, ಅದರ ಮೇಲೆ ಐದಾರು ಮೂಲೆಯ ಗುಂಡಿಗಳ ಬಲೆ. "ಜೇನುಗೂಡು" ಅಂದೆ. ಅವನ ತಂಗಿಯೂ ಜೇನುಗೂಡು ಅಂದಳು. ಅಲ್ಲ ಎಂದು ಸ್ವಲ್ಪ ಕುಗ್ಗಿಸಿದ. ಅಂಚಿನಲ್ಲಿ ಒಂದು ಬಾಗು ಬಂತು. "ಕಣಜದ ಗೂಡು." ಇನ್ನೊಂದಿಷ್ಟು ಕುಗ್ಗಿಸಿದ. "ಬಲೆ ಸುತ್ತಿದ ಚೆಂಡು... ಅಲ್ಲ, ಗೂಡೇ, ಯಾವುದೋ ಹುಳುವಿನ ಗೂಡೇ ಇರಬೇಕು." ಅಷ್ಟು ಹೊತ್ತಿಗೆ ಅಮ್ಮ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹಿಂದಿನದೇನೂ ನೋಡಿದವರಲ್ಲ. ಕನ್ನಡಕ ಮೇಲೇರಿಸಿ ನಮ್ಮ ಭುಜದ ಮೇಲಿಂದ ಬಗ್ಗಿ, "ಗಸಗಸೆ ಅಲ್ವೇನೋ ಅದು?" ಅಂದರು. ನಾವು ಮತ್ತೆ ನೋಡಿದೆವು. ಅದೇ ಚಿತ್ರ. ನನಗೆ ಆಗಲೂ ಗೂಡೇ ಕಾಣುತ್ತಿತ್ತು. ಹುಡುಗ ಪೂರ್ತಿ ಕುಗ್ಗಿಸಿ ಚಮಚ ತೋರಿಸಿದ ಮೇಲೆಯೇ ನಂಬಿದ್ದು. ಗಸಗಸೆ ಕಾಳು ಒಂದು ಮಿಲಿಮೀಟರಿನಷ್ಟು. ಗೇರುಬೀಜದ ಹಾಗೆ ಒಂದು ಕಡೆ ಸೊಟ್ಟ, ಮೈತುಂಬ ಜೇನುಗೂಡಿನಂಥದ್ದೇ ಬಲೆ. ಐವತ್ತು ವರ್ಷ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ನಿದ್ದೆ ಹೊಡೆದವನಿಗೆ ಆ ಕಾಳಿಗೆ ಒಂದು ಮುಖವಿದೆ ಎಂಬುದು ಅವತ್ತೇ ಗೊತ್ತಾದದ್ದು.

ಅಮ್ಮನಿಗೆ ಹೇಗೆ ಗೊತ್ತಾಯಿತು? ಪಾಯಸಕ್ಕೆ ಹುರಿಯುವಾಗ ಸೀಯದಂತೆ ಅದರ ಬಣ್ಣವನ್ನೇ ನೋಡುತ್ತ ನಿಂತಿರುತ್ತೇನೆ, ಗೊತ್ತಾಗದೆ ಏನು ಅಂತ ಅವರ ಉತ್ತರ. ಅದು ಅರ್ಧ ಕಾರಣ. ಇನ್ನರ್ಧ ಕಾರಣ ಅವರು ತಡವಾಗಿ ಬಂದದ್ದು. ಜೆರೋಮ್ ಬ್ರೂನರ್ ಮತ್ತು ಮೇರಿ ಪಾಟರ್ ಎಂಬ ಮನೋವಿಜ್ಞಾನಿಗಳು 1964ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ಸಾಮಾನ್ಯ ವಸ್ತುಗಳ, ದೃಶ್ಯಗಳ ಚಿತ್ರಗಳನ್ನು ಮಸುಕಿನಿಂದ ಆರಂಭಿಸಿ ನಿಧಾನವಾಗಿ ಸ್ಪಷ್ಟಗೊಳಿಸುತ್ತ ಹೋದರು. ಪೂರ್ತಿ ಸ್ಪಷ್ಟವಾಗುವ ಮೊದಲೇ ಒಂದು ಹಂತದಲ್ಲಿ ನಿಲ್ಲಿಸಿದರು. ಕೆಲವರಿಗೆ ತೀರಾ ಮಸುಕಿನಿಂದ ತೋರಿಸಿದರು, ಕೆಲವರಿಗೆ ಸ್ವಲ್ಪ ಮಸುಕಿನಿಂದ. ನಿಲ್ಲಿಸಿದ ಹಂತ ಎಲ್ಲರಿಗೂ ಒಂದೇ. ಹಾಗಿದ್ದ ಮೇಲೆ ಹೆಚ್ಚು ಹೊತ್ತು ನೋಡಿದವರೇ ಹೆಚ್ಚು ಗುರುತಿಸಬೇಕು ತಾನೆ? ಆದದ್ದು ಉಲ್ಟಾ. ತೀರಾ ಮಸುಕಿನಿಂದ ಶುರುಮಾಡಿದವರೇ ಹಿಂದೆ ಬಿದ್ದರು. ಮಸುಕಿನಲ್ಲಿ ಅವರು ಏನೋ ಒಂದು ಊಹೆ ಮಾಡಿಕೊಂಡಿದ್ದರು. ಆ ಊಹೆ ಕಣ್ಣಿಗೆ ಕಟ್ಟಿದ ಪಟ್ಟಿಯಾಯಿತು. ಚಿತ್ರ ಸ್ಪಷ್ಟವಾಗುತ್ತ ಬಂದರೂ ಅವರು ತಮ್ಮ ಊಹೆಗೆ ತೇಪೆ ಹಾಕುತ್ತ ಹೋದರೇ ಹೊರತು ಅದನ್ನು ಕೈಬಿಡಲಿಲ್ಲ. ನಾನು ಜೇನುಗೂಡಿನಿಂದ ಕಣಜದ ಗೂಡಿಗೆ, ಅಲ್ಲಿಂದ ಹೆಸರಿಲ್ಲದ ಹುಳುವಿನ ಗೂಡಿಗೆ ಹೋದೆನಲ್ಲ, ಹಾಗೆ.

ಇದನ್ನು ಓದಿಕೊಂಡ ಮೇಲೆ ನಾನು ಆಟದಲ್ಲಿ ಒಂದು ನೇಮ ಇಟ್ಟುಕೊಂಡೆ. ಹೆಸರು ಬಾಯಿಗೆ ಬಂದರೂ ಹೇಳಬಾರದು. ಮೊದಲು ಇದು ಬೆಳೆದದ್ದೋ, ನೇಯ್ದದ್ದೋ, ಎರಕ ಹೊಯ್ದದ್ದೋ, ಕೊಯ್ದದ್ದೋ, ಹರಳುಗಟ್ಟಿದ್ದೋ ಎಂದು ಮೈಯನ್ನಷ್ಟೇ ನೋಡಬೇಕು. ಬೆಳೆದದ್ದರಲ್ಲಿ ಒಂದರಂತೆ ಒಂದು ಇರುತ್ತದೆ, ಒಂದೂ ಇನ್ನೊಂದರ ಅಚ್ಚಾಗಿರುವುದಿಲ್ಲ. ಸೀಬೆಹಣ್ಣಿನ ಬೀಜ, ಬೆಂಡೆಕಾಯಿಯ ರೋಮ, ಗಸಗಸೆಯ ಬಲೆಯ ಒಂದೊಂದು ಕಣ್ಣು, ಎಲ್ಲಕ್ಕೂ ಈ ಗುಣ. ಯಂತ್ರದಲ್ಲಿ ಮಾಡಿದ್ದರ ಮೇಲೆ ಒಂದೇ ದಿಕ್ಕಿನ ಸಮಾನಾಂತರ ಗೀರುಗಳಿರುತ್ತವೆ. ಸ್ಟೀಲ್ ಲೋಟದ ತಳ ಹತ್ತಿರದಿಂದ ಹಳೇ ಗ್ರಾಮಫೋನ್ ಪ್ಲೇಟಿನ ಹಾಗೆ ಕಾಣುವುದು ಅದಕ್ಕೆ. ಹರಳಾದರೆ ಮೂಲೆಗಳನ್ನು ನೋಡಬೇಕು. ಉಪ್ಪಿನ ಹರಳು ಘನಾಕೃತಿ, ಪಗಡೆಯ ದಾಳದ ಹಾಗೆ ಚೌಕ. ಅಂಗಡಿಯ ಪುಡಿಯುಪ್ಪಿನಲ್ಲಿ ಮೂಲೆ ಸವೆದಿದ್ದರೂ ಚೌಕ ಉಳಿದಿರುತ್ತದೆ. ಸಕ್ಕರೆಯ ಹರಳಿನ ಮುಖಗಳು ಓರೆ, ಯಾರೋ ಕೊಡಲಿಯಲ್ಲಿ ಸವರಿದ ಹಾಗೆ. ಡಬ್ಬಿಗೆ ಚೀಟಿ ಅಂಟಿಸದ ಮನೆಗಳಲ್ಲಿ ಈ ಜ್ಞಾನ ಕಾಫಿಯನ್ನು ಉಳಿಸೀತು.

ಹೀಗೆ ನೋಡಿ ಗೆದ್ದದ್ದು ಒಂದೇ ಚಿತ್ರ, ಆದರೆ ಗೆದ್ದೆ. ಪರದೆಯ ಎಡಕ್ಕೆ ದಟ್ಟವಾದ ಕೊಕ್ಕೆಗಳ ಕಾಡು. ಎಲ್ಲವೂ ಒಂದೇ ಎತ್ತರ, ಎಲ್ಲವೂ ಒಂದೇ ಕಡೆ ಬಾಗಿವೆ. ಬಲಕ್ಕೆ ಕೆದರಿದ ನೂಲಿನ ಕುಣಿಕೆಗಳು. ಎತ್ತರ ಒಂದೇ ಇರುವುದರಿಂದ ಯಂತ್ರದ್ದು, ಬೆಳೆದದ್ದಲ್ಲ. ಕೊಕ್ಕೆ ಕುಣಿಕೆಗೆ ಸಿಕ್ಕಿಕೊಳ್ಳುವುದು ಅಂದರೆ, ಹಾಂ, ಹುಡುಗನ ಚಪ್ಪಲಿಯ ವೆಲ್ಕ್ರೊ ಪಟ್ಟಿ. ಇದರ ಕಥೆಯೂ ಭೂತಗನ್ನಡಿಯ ಕೆಳಗಿನದೇ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ನಾಯಿಯ ಜೊತೆ ತಿರುಗಾಡಿ ಬಂದಾಗ ಬಟ್ಟೆಗೂ ನಾಯಿಯ ಮೈಗೂ ಮುಳ್ಳುಕಾಯಿಗಳು ಅಂಟಿದ್ದವು. ಕಿತ್ತು ಬಿಸಾಡುವ ಬದಲು ಸೂಕ್ಷ್ಮದರ್ಶಕದಲ್ಲಿ ನೋಡಿದ. ಮುಳ್ಳಿನ ತುದಿಗಳಲ್ಲಿ ಕೊಕ್ಕೆಗಳಿದ್ದವು. ವೆಲ್ಕ್ರೊ ಹುಟ್ಟಿದ್ದು ಅಲ್ಲಿಂದ. ನಮ್ಮ ಹೊಲದ ಬದುವಿನಲ್ಲಿ ಉತ್ತರಾಣಿ ಗಿಡದ ಪಕ್ಕ ಹಾದುಹೋದರೆ ಪಂಚೆಗೆ ಕಾಯಿ ಅಂಟಿಕೊಂಡು ಮನೆಯವರೆಗೂ ಬರುತ್ತದೆ. ನಾವು ಗೊಣಗುತ್ತ ಕೀಳುತ್ತೇವೆ, ಅಷ್ಟೆ.

ಮನೆಯ ವಸ್ತುಗಳನ್ನು ಹೀಗೆ ದೊಡ್ಡದು ಮಾಡಿ ಜನರನ್ನು ಮೊದಲು ಬೆರಗುಗೊಳಿಸಿದ ಪುಸ್ತಕ 'ಮೈಕ್ರೊಗ್ರಾಫಿಯಾ'. ಲಂಡನ್ನಿನ ರಾಯಲ್ ಸೊಸೈಟಿಗಾಗಿ ರಾಬರ್ಟ್ ಹುಕ್ ಬರೆದು ಚಿತ್ರಿಸಿದ್ದು, 1665ರಲ್ಲಿ ಬಂತು. ಬಿರಡೆಯ ಮರದ ತೊಗಟೆಯನ್ನು ಕೊಯ್ದು ನೋಡಿ 'ಸೆಲ್' ಎಂಬ ಹೆಸರಿಟ್ಟದ್ದು, ಒಂದೂವರೆ ಅಡಿ ಉದ್ದದ ಚಿಗಟದ ಚಿತ್ರ, ಇವುಗಳಿಗೆ ಅದು ಹೆಸರುವಾಸಿ. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು ಆ ಪುಸ್ತಕ ಓದಿದ್ದಾನೆ. ನನಗೆ ಇಷ್ಟವಾಗುವುದು ಅದರ ಆರಂಭ. ಹುಕ್ ಚಿಗಟದಿಂದ ಶುರುಮಾಡುವುದಿಲ್ಲ. ಸೂಜಿಯ ಮೊನೆ, ಅಚ್ಚಾದ ಪೂರ್ಣವಿರಾಮ, ಕ್ಷೌರದ ಕತ್ತಿಯ ಅಲಗು, ಹೀಗೆ ಯಾರ ಮನೆಯಲ್ಲೂ ಇರುವ ಸಾಮಾನಿನಿಂದ ಶುರುಮಾಡುತ್ತಾನೆ. ಚೂಪಿಗೆ ಗಾದೆಯಾಗಿರುವ ಸೂಜಿಮೊನೆ ಅವನ ಗಾಜಿನಡಿಯಲ್ಲಿ ಮೊಂಡು, ಮೇಲೆ ಗುಂಡಿಬಿದ್ದ ಕೊರಡು. ಕತ್ತಿಯ ಅಲಗು ಉಳುಮೆ ಮಾಡಿದ ಹೊಲ. ಪೂರ್ಣವಿರಾಮ ಲಂಡನ್ ಬೀದಿಯ ಕೆಸರು ಸಿಡಿದ ಕಲೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವೆ. ಬ್ಲೇಡಿಗೂ ಆ ಮಾತು ಸಲ್ಲುತ್ತದೆ ಎಂಬುದಕ್ಕೆ ಹುಕ್‌ನ ಗಾಜು ಬೇಕಾಯಿತು. ಜೇನ್ನೊಣದ ಮುಳ್ಳನ್ನು, ನೊಣದ ಕಣ್ಣನ್ನು ದೊಡ್ಡದು ಮಾಡಿದರೆ ಇನ್ನಷ್ಟು ನಾಜೂಕು ಕಾಣುತ್ತದೆ, ಮನುಷ್ಯ ಮಾಡಿದ್ದು ಮಾತ್ರ ಒರಟಾಗುತ್ತ ಹೋಗುತ್ತದೆ ಎಂಬುದು ಅವನ ತೀರ್ಮಾನ.

ಈ ತೀರ್ಮಾನಕ್ಕೆ ನನ್ನದೊಂದು ಸಣ್ಣ ತಕರಾರಿದೆ. ಹತ್ತಿರದಿಂದ ನೋಡಲೆಂದೇ ಮನುಷ್ಯ ಮಾಡಿದ ವಸ್ತುಗಳೂ ಇವೆ. ಹುಡುಗ ತೋರಿಸಿದ ಆರನೇ ಚಿತ್ರ ಅಂಥದ್ದು. ಉಬ್ಬಿದ ಗೆರೆಗಳು, ತಿಳಿಬೂದು ನೆಲದ ಮೇಲೆ ಕಪ್ಪು ಶಾಯಿಯ ದಿಬ್ಬಗಳು, ನಡುನಡುವೆ ನಾರು. ನಾನು ಎಲೆ ಅಂದೆ, ಬಟ್ಟೆ ಅಂದೆ. ಅದು ಐನೂರರ ನೋಟು, ಗಾಂಧೀಜಿಯ ಚಿತ್ರದ ಒಂದು ಚೂರು. ಬೆರಳಾಡಿಸಿದರೆ ಉಬ್ಬು ಸಿಗುವಂತೆ ಕೆತ್ತನೆಯ ಅಚ್ಚಿನಿಂದ ಶಾಯಿಯನ್ನು ಎತ್ತರಕ್ಕೆ ಕೂರಿಸಿರುತ್ತಾರೆ. ನಾರು ಹತ್ತಿಯದು, ನೋಟಿನ ಕಾಗದ ಹತ್ತಿಯಿಂದ ಆದದ್ದು. ಆಮೇಲೆ ಐವತ್ತರ ನೋಟು ತೆಗೆಸಿ ಹಿಂಬದಿಯ ಹಂಪಿಯ ಕಲ್ಲಿನ ರಥವನ್ನು ನೋಡಿದೆವು. ವಿಜಯನಗರದ ಶಿಲ್ಪಿ ಕೊರೆದ ಚಕ್ರ ಇಲ್ಲಿ ಕೂದಲಿನಂಥ ಗೀಟುಗಳ ಸಾಲಾಗಿತ್ತು. ಮುಂಬದಿಯಲ್ಲಿ ಬರಿಗಣ್ಣಿಗೆ ಗೆರೆಯೆಂದು ಕಾಣುವಷ್ಟು ಸಣ್ಣ ಅಕ್ಷರಗಳು ಅಡಗಿವೆ. 'ಭಾರತ', 'ಇಂಡಿಯಾ', 'ಆರ್‌ಬಿಐ' ಎಂಬ ಅಚ್ಚುಗಳು. ಖೋಟಾ ಮಾಡುವವನ ಯಂತ್ರ ಇಲ್ಲಿಯೇ ಎಡವಲಿ ಎಂದು ಇಟ್ಟ ಕಲ್ಲುಗಳು ಅವು. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯ ಸಾಲು. ಅದನ್ನೂ ದೊಡ್ಡದು ಮಾಡಿದೆವು. ದಿನಾ ಕೊಟ್ಟು ತೆಗೆದುಕೊಳ್ಳುವ ನೋಟಿನಲ್ಲಿ ನಮ್ಮ ಅಕ್ಷರದ ತಲೆಕಟ್ಟನ್ನು ಹೀಗೆ ಯಾವತ್ತೂ ನೋಡಿರಲಿಲ್ಲ. ಅಂದಹಾಗೆ ಇದು ದೂರದ ವಿಷಯವೇನಲ್ಲ. ನೋಟು ಅಚ್ಚುಹಾಕುವ ಮುದ್ರಣಾಲಯ ಮೈಸೂರಿನಲ್ಲಿದೆ, ಕಾಗದದ ಗಿರಣಿಯೂ ಅಲ್ಲಿದೆ, 2022ರಿಂದ ಶಾಯಿ ತಯಾರಿಸುವ 'ವರ್ಣಿಕಾ' ಘಟಕವೂ ಅಲ್ಲಿಯೇ.

ನೀವು ಈಗ ಓದುತ್ತಿರುವುದು ಅಚ್ಚಾದ ಪತ್ರಿಕೆಯಾಗಿದ್ದರೆ ಪಕ್ಕದ ಪುಟದ ಯಾವುದಾದರೂ ಬಣ್ಣದ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿ. ಮಂತ್ರಿಯ ಮುಖ ಕರಗಿ ಚುಕ್ಕೆಗಳಾಗುತ್ತದೆ. ಸಯಾನ್, ಮಜೆಂಟಾ, ಹಳದಿ, ಕಪ್ಪು, ನಾಲ್ಕೇ ಬಣ್ಣ. ಪ್ರತಿ ಬಣ್ಣದ ಚುಕ್ಕೆಗಳ ಸಾಲು ಬೇರೆ ಬೇರೆ ಕೋನದಲ್ಲಿ ಓರೆಯಾಗಿರುತ್ತದೆ, ಒಂದರ ಮೇಲೊಂದು ಬಿದ್ದು ಕಲಸಿಹೋಗದಿರಲಿ ಎಂದು. ನಸುಗಂದು ಚರ್ಮ ಎಂಬುದು ಅಲ್ಲಿ ಎಲ್ಲೂ ಇಲ್ಲ. ದೂರ ಹಿಡಿದಾಗ ಅದನ್ನು ಬೆರೆಸಿಕೊಳ್ಳುವುದು ನಿಮ್ಮ ಕಣ್ಣು. ಅಚ್ಚುಕೂಟದವರು ಬಣ್ಣ ಸರಿಯಾಗಿ ಕೂತಿದೆಯೇ ನೋಡಲು ಗಾಜು ಹಿಡಿದು ಹಾಳೆಯ ಮೇಲೆ ಬಗ್ಗುವುದು ಇದಕ್ಕೇ. ಫೋನಿನಲ್ಲಿ ಓದುತ್ತಿದ್ದರೆ ಪರದೆಯ ಬಿಳಿ ಭಾಗದ ಮೇಲೆ ಒಂದು ಚಿಟಿಕೆ ನೀರು ಸಿಡಿಸಿ. ಬಿಳಿ ಮಾಯವಾಗಿ ಕೆಂಪು, ಹಸಿರು, ನೀಲಿ ಕಿಡಿಗಳು ಉಳಿಯುತ್ತವೆ.

ಅಚ್ಚುಕೂಟದವರ ಮಾತು ಬಂದದ್ದರಿಂದ ಹೇಳುತ್ತೇನೆ. ನಮಗೆ ಆಟವಾಗಿರುವುದು ಎಷ್ಟೋ ಕಸುಬಿನವರಿಗೆ ದಿನದ ಕೆಲಸ. ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡ ಲೇವನ್‌ಹುಕ್ ಡೆಲ್ಫ್ಟ್ ಊರಿನ ಜವಳಿ ವ್ಯಾಪಾರಿ. ಬಟ್ಟೆಯ ಎಳೆ ಎಣಿಸಲು ಜವಳಿಯವರು ಗಾಜು ಇಟ್ಟುಕೊಳ್ಳುತ್ತಿದ್ದರು. ನಮ್ಮ ಬೀದಿಯ ದರ್ಜಿಗೆ ಹುಡುಗ ಒಂದು ಬಟ್ಟೆಯ ಚಿತ್ರ ತೋರಿಸಿದ. ಹಗ್ಗದ ಹಾಗೆ ಬಿಗಿಯಾಗಿ ಹೊಸೆದ ಎಳೆಗಳು, ಮೈಯೆಲ್ಲ ಸಣ್ಣ ಸುಕ್ಕು, ಪಕ್ಕದಲ್ಲಿ ಲೋಹದ ಪಟ್ಟಿ ಸುತ್ತಿದ ಒಂದು ದಾರ. ನಾನಾದರೆ ವಿದ್ಯುತ್ ತಂತಿ ಅನ್ನುತ್ತಿದ್ದೆ. ದರ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಮೈಸೂರು ಸಿಲ್ಕು, ಜರಿ ಅಂಚಿನ ಹತ್ರ ತೆಗ್ದಿದೀಯ" ಅಂದು ಮತ್ತೆ ಸೂಜಿ ಬಾಯಿಗಿಟ್ಟುಕೊಂಡರು. ಮೈಸೂರು ರೇಷ್ಮೆ ಕ್ರೇಪ್ ಬಟ್ಟೆ. ಎಳೆಗೆ ಹೆಚ್ಚು ಹುರಿ ಕೊಟ್ಟು ನೇಯುವುದರಿಂದ ಆ ಸುಕ್ಕು, ಆ ಇಳಿಬೀಳುವ ಗುಣ. ಅವರು ಚಿತ್ರವನ್ನು ಅರೆಕ್ಷಣವೂ ನೋಡಲಿಲ್ಲ. ಬೆರಳಿಗೆ ಗೊತ್ತಿದ್ದುದನ್ನು ಕಣ್ಣು ಓದಿತು.

ಅಡಿಕೆಯ ಚಿತ್ರವೂ ಹೀಗೆ. ಅರ್ಧಕ್ಕೆ ಕತ್ತರಿಸಿದ ಅಡಿಕೆಯನ್ನು ಹತ್ತಿರದಿಂದ ನೋಡಿದರೆ ಬಿಳಿಯ ನಡುವೆ ಕಂದು ಗೆರೆಗಳು ಅಂಚಿನಿಂದ ಒಳಕ್ಕೆ ಹರಿದು, ನದಿಗಳ ನಕಾಶೆಯೋ ಮಿದುಳಿನ ಛೇದವೋ ಎನ್ನುವಂತಿರುತ್ತದೆ. ಬೀಜದ ಸಿಪ್ಪೆ ಒಳಗಿನ ತಿರುಳಿನೊಳಕ್ಕೆ ಮಡಿಕೆ ಮಡಿಕೆಯಾಗಿ ನುಗ್ಗಿರುವುದರಿಂದ ಆದ ವಿನ್ಯಾಸ. ಜಾಯಿಕಾಯಿಯಲ್ಲೂ ಇದೇ ಬಗೆ. ಬೆಂಗಳೂರಿನ ಗೆಳೆಯರು ಮೂವರಿಗೆ ಕಳಿಸಿದೆ. ಅಮೃತಶಿಲೆ, ಉಪಗ್ರಹದ ಚಿತ್ರ, ಮಟನ್ನು ಎಂಬ ಉತ್ತರಗಳು ಬಂದವು. ತೀರ್ಥಹಳ್ಳಿಯ ಕಡೆಯ ಗೆಳೆಯನೊಬ್ಬ ಉತ್ತರದ ಬದಲು ಬೆಲೆ ಎಷ್ಟಿದೆ ಅಂತ ಕೇಳಿದ.

ಇಂಥ ಚಿತ್ರಗಳು ಬರೀ ಆಟವಾಗಿ ಉಳಿದಿಲ್ಲ. ಬರ್ಲಿನ್ನಿನ ಕಲಾಶಾಲೆಯ ಮೇಷ್ಟ್ರು ಕಾರ್ಲ್ ಬ್ಲಾಸ್‌ಫೆಲ್ಟ್, ವಿದ್ಯಾರ್ಥಿಗಳಿಗೆ ವಿನ್ಯಾಸ ಕಲಿಸಲು ತಾನೇ ಕಟ್ಟಿದ ಕ್ಯಾಮೆರಾಗಳಲ್ಲಿ ದಶಕಗಟ್ಟಲೆ ಗಿಡಗಳ ಮೊಗ್ಗು, ಕುಡಿ, ಕಾಂಡಗಳನ್ನು ಹಲವು ಪಟ್ಟು ದೊಡ್ಡದಾಗಿ ತೆಗೆದ. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ ಜನ ದಂಗಾದರು. ಜರೀಗಿಡದ ಎಳೆ ಸುರುಳಿ ಕಮ್ಮಾರ ಬಗ್ಗಿಸಿದ ಕಬ್ಬಿಣದ ಹಾಗಿದೆ. ನಮ್ಮ ಹಳೇ ಮನೆಗಳ ಕಿಟಕಿಯ ಸರಳಿನಲ್ಲಿ ಆ ಸುರುಳಿಯನ್ನು ನೀವೂ ಕಂಡಿರುತ್ತೀರಿ.

ಹೆಸರು ಬಚ್ಚಿಟ್ಟು ಮೈಯನ್ನು ಮಾತ್ರ ತೋರಿಸುವ ಈ ಆಟ ನಮಗೆ ಹೊಸದೂ ಅಲ್ಲ. ಒಗಟು ಮತ್ತೇನು? ತೆಂಗಿನಕಾಯಿಯ ಹೆಸರೆತ್ತದೆ ಅದರ ಮೂರು ಕಣ್ಣನ್ನೂ ಒಳಗಿನ ನೀರನ್ನೂ ಹೇಳಿ ಎದುರಿನವರನ್ನು ಶಿವನ ಹತ್ತಿರಕ್ಕೋ ಬಾವಿಯ ಹತ್ತಿರಕ್ಕೋ ಅಟ್ಟುವುದು. ಅಲ್ಲಿಯೂ ಮೊದಲು ಹೊಳೆದ ಉತ್ತರವೇ ಹಳ್ಳ ತೋಡುವುದು. ಅಮ್ಮನ ಕಾಲದಲ್ಲಿ ಒಗಟು ಬಿಡಿಸಲಾಗದವರು ಊರು ಕೊಡಬೇಕಿತ್ತು. "ಸೋತೆಯಾ? ಹಾಗಾದರೆ ಊರು ಕೊಡು" ಅನ್ನುವುದು, ಸೋತವರು ಯಾವುದಾದರೂ ಊರಿನ ಹೆಸರು ಹೇಳುವುದು, ಗೆದ್ದವರು ಆ ಊರಿನ ಒಡೆಯರಾಗಿ ಮೆರೆದು ಆಮೇಲೆ ಉತ್ತರ ಹೇಳುವುದು. ಈ ನಿಯಮವನ್ನು ಅಮ್ಮ ಮೊಮ್ಮಗನಿಗೆ ಹೇಳಿಕೊಟ್ಟದ್ದೇ ತಪ್ಪಾಯಿತು.

ದೋಸೆಗೆ ನಾನು ದಾವಣಗೆರೆ ಕೊ‌ಟ್ಟೆ. ನೋಟಿಗೆ ಮೈಸೂರು ಕೇಳಿದ, ಕೊಟ್ಟೆ. ಗಸಗಸೆಗೆ ತಿಪಟೂರು ಅಂದೆ. ಗೆದ್ದದ್ದು ಅಜ್ಜಿಯಾದ್ದರಿಂದ ಅದು ಅಜ್ಜಿಗೆ ಹೋಯಿತು. "ಅಲ್ಲಿ ನಮ್ಮ ಸೋದರತ್ತೆ ಮನೆ ಇತ್ತು. ನೀರಿಗೆ ಬಹಳ ಕಷ್ಟ, ಬೇರೆ ಊರು ಕೊಡು" ಅಂದರು. ಸಾಗರ ಕೊಟ್ಟು ಸಮಾಧಾನ ಮಾಡಿದೆ.

ಸೇಡು ತೀರಿಸಿಕೊಳ್ಳಲು ಸಂಜೆ ನಾನೇ ಫೋನು ಹಿಡಿದು ಮನೆಯೆಲ್ಲ ಸುತ್ತಿ ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ. ಮರುದಿನ ಹುಡುಗನ ಮುಂದೆ ಒಂದೊಂದಾಗಿ ಇಟ್ಟೆ. ಬೆಂಕಿಕಡ್ಡಿಯ ತಲೆಯನ್ನು ಹೇಳಿದ, ಬಾಲ್‌ಪೆನ್ನಿನ ತುದಿಯ ಗುಂಡನ್ನು ಹೇಳಿದ, ತುರಿಮಣೆಯ ಹಲ್ಲಿಗೆ ಸೋತು ಒಂದು ಊರು ವಾಪಸು ಕೊಟ್ಟ. ಹದಿನೇಳನೆಯದರಲ್ಲಿ ತಡೆಯಿತು. ಹಳದಿಗೆ ತಿರುಗಿದ ಬಿಳಿ ನೆಲ, ಅದರ ಮೇಲೆ ಒಂದಕ್ಕೊಂದು ತಾಗದ ಕಂದು ಉಂಗುರಗಳು, ಉಂಗುರದ ನಡುವೆ ಏನೋ ಮಿಂಚು. ಬೆಳೆದದ್ದು ಅಂದರೆ ಉಂಗುರಗಳು ತೀರಾ ದುಂಡಗಿವೆ. ಯಂತ್ರದ್ದು ಅಂದರೆ ಒಂದು ಉಂಗುರ ಒಡೆದು ಪಕ್ಕಕ್ಕೆ ಹರಿದಿದೆ. ಹುಡುಗ ಕಾಲು ಗಂಟೆ ನೋಡಿ, "ಸೋತೆ ಮಾಮ, ದಾವಣಗೆರೆ ತಗೊ, ಏನು ಅಂತ ಹೇಳು" ಅಂದ.

ನಾನು ಅದನ್ನು ತಿರುಗಿಸಿ ನೋಡಿದೆ, ಕುಗ್ಗಿಸಿ ನೋಡಿದೆ. ಚಿತ್ರದ ಅಂಚಿನಲ್ಲೂ ಅದೇ ನೆಲ, ಅದೇ ಉಂಗುರಗಳು. ಅದರ ಹಿಂದಿನ ಚಿತ್ರ ಅಡುಗೆಮನೆಯದು, ಮುಂದಿನದು ಜಗುಲಿಯದು. ತೆಗೆದವನು ನಾನೇ, ಸಂಜೆ ಆರೂ ಹತ್ತಕ್ಕೆ ಎಂದು ಫೋನು ಹೇಳುತ್ತದೆ. ಅಡುಗೆಮನೆಯಿಂದ ಜಗುಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಇರುವುದನ್ನೆಲ್ಲ ಎರಡು ದಿನದಿಂದ ಮಂಡಿಯೂರಿ ನೋಡುತ್ತಿದ್ದೇನೆ. ಹುಡುಗ ಹಿಂದೆಯೇ ಬರುತ್ತಾನೆ, ಊರು ಕೇಳಿಕೊಂಡು.